ಮಗು ನಾಲಿಗೆ ಕೆಳಗೆ ನೀರುಗುಳ್ಳೆ, ಸೂಜಿ ಹಾಕಿ ತೆಗೆದ್ಮೇಲೂ ಮತ್ತೆ ಬಂದಿದೆ, ಯಾರಿಗಾದ್ರೂ ಅನುಭವ ಇದ್ಯಾ?

ಕೊಪ್ಪದ_ಸೊಸೆ
ಎಲ್ಲರಿಗೂ ನಮಸ್ತೆ. ನನ್ ಮಗಳಿಗೆ ನಾಲ್ಕೂವರೆ ವರ್ಷ. ಹಲ್ಲುಜ್ಜಿಸ್ತಾ ಇರ್ಬೇಕಾದ್ರೆ ನಾಲಿಗೆ ಅಡಿಗೆ ಬಲಗಡೆ ಒಂದು ಗುಳ್ಳೆ ಕಾಣಿಸ್ತು, ಸ್ವಲ್ಪ ನೀಲಿ ಬಣ್ಣ, ಟಾರ್ಚ್ ಬಿಟ್ರೆ ಒಳಗೆ ನೀರಿರೋದು ಗೊತ್ತಾಗತ್ತೆ. ನೋವಿಲ್ಲ, ಜ್ವರ ಇಲ್ಲ, ಊಟ ಮಾಡ್ತಾಳೆ, ಆದ್ರೆ ಮಾತು ಮಾತ್ರ ಬಾಯಲ್ಲಿ ಏನೋ ಇಟ್ಕೊಂಡು ಮಾತಾಡೋ ತರ ಆಗಿದೆ, ಟೀಚರ್ ಕೂಡ ಕೇಳಿದ್ರು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಸೂಜಿ ಹಾಕಿ ಎಳೆದ್ರು, ಗಟ್ಟಿ ಅಂಟು ಲೋಳೆ ಬಂತು, ಗುಳ್ಳೆ ಪೂರ್ತಿ ಇಳಿದೋಯ್ತು. ಖುಷಿ ಪಟ್ವಿ. ಸ್ವಲ್ಪ ದಿನಕ್ಕೇ ಮತ್ತೆ ಅಷ್ಟೇ ಆಗಿದೆ, ಈ ಸಲ ಇನ್ನೂ ದಪ್ಪ ಅನ್ನಿಸ್ತಿದೆ. ಈಗ ದೊಡ್ಡ ಆಸ್ಪತ್ರೆಲಿ ತೋರ್ಸಿದ್ವಿ, ರಾನುಲಾ ಅಂದ್ರು, ಪೂರ್ತಿ ಅರಿವಳಿಕೆ ಕೊಟ್ಟು ಗ್ರಂಥಿನೇ ತೆಗೀಬೇಕು ಅಂತಾರೆ. ಒಂದು ಗುಳ್ಳೆಗೆ ಗ್ರಂಥಿ ಯಾಕೆ ತೆಗೀಬೇಕು? ಅತ್ತೆ ಮನೇಲಿ ಎಲ್ರೂ ಬೇಡ ಅಂತಿದಾರೆ. ನನಗೆ ರಾತ್ರಿ ನಿದ್ದೆ ಇಲ್ಲ, ಕ್ಯಾನ್ಸರ್ ಏನಾದ್ರೂ ಇರಬಹುದಾ ಅಂತ ಗೂಗಲ್ ನೋಡಿ ನೋಡಿ ತಲೆ ಕೆಟ್ಟಿದೆ.

ಅಡ್ಮಿನ್
ಮಗುವಿನ ಬಾಯಿ ಫೋಟೋ ಇಲ್ಲಿ ಹಾಕ್ಬೇಡಿ ದಯವಿಟ್ಟು. ಮುಖ ಕ್ರಾಪ್ ಮಾಡಿದ್ರೂ ಬೇಡ. ಆಸ್ಪತ್ರೆ ಹೆಸರು, ಡಾಕ್ಟರ್ ಹೆಸರು ಎತ್ತಿ ಬೈಯೋದೂ ಬೇಡ.

ತುಮಕೂರು_ಗೀತಕ್ಕ
ಕ್ಯಾನ್ಸರ್ ಅಲ್ಲ ಕಣಮ್ಮ, ಹೆದರ್ಕೋಬೇಡ. ನನ್ ತಂಗಿ ಮಗನಿಗೆ ಕೆಳ ತುಟಿ ಒಳಗೆ ಹಿಂಗೇ ಆಗಿತ್ತು, ಮ್ಯೂಕೋಸಿಲ್ ಅಂದ್ರು. ಅವನು ಟಿವಿ ನೋಡ್ತಾ ತುಟಿ ಕಚ್ಕೊಳ್ಳೋನು, ಗುಳ್ಳೆ ಆಗೋದು, ಒಡೆಯೋದು, ಮತ್ತೆ ಆಗೋದು. ಡೆಂಟಲ್ ಕಾಲೇಜಲ್ಲಿ ಅಲ್ಲೇ ಮರಗಟ್ಟೋ ಇಂಜೆಕ್ಷನ್ ಕೊಟ್ಟು ತೆಗೆದ್ರು, ಅರ್ಧ ಗಂಟೇಲಿ ಮನೆಗೆ ಕಳಿಸಿದ್ರು. ನಿಮ್ದು ನಾಲಿಗೆ ಕೆಳಗೆ ಆಗಿರೋದ್ರಿಂದ ಅದಕ್ಕಿಂತ ದೊಡ್ಡ ಕೆಲ್ಸ ಇರಬಹುದು, ಗೊತ್ತಿರೋರು ಹೇಳಲಿ.

ನ್ಯಾಚುರಲ್_ಲೈಫ್
ಸರ್ಜರಿಗೆ ಅವಸರ ಮಾಡ್ಬೇಡಿ ಸಿಸ್. ನಮ್ ಪಕ್ಕದ ಮನೆ ಮಗುಗೆ ಸಿಹಿ ಮಾತ್ರೆ ಕೊಟ್ರು, ಆಪರೇಷನ್ ಇಲ್ದೆ ಕರಗೋಯ್ತು. ಅಲೋಪತಿ ಅವ್ರಿಗೆ ಕತ್ತರಿ ಬಿಟ್ರೆ ಬೇರೆ ಗೊತ್ತಿಲ್ಲ.

ಪಿಜಿ_ಲೈಫ್_ಇಎನ್‌ಟಿ
ನಾನು ಇಎನ್‌ಟಿಲಿ ಪಿಜಿ ಮಾಡ್ತಿದೀನಿ, ಇಲ್ಲಿ ಕೂತು ಯಾರ್ ಮಗೂಗೂ ಡಯಾಗ್ನೋಸಿಸ್ ಹೇಳಲ್ಲ, ಆದ್ರೆ "ಗ್ರಂಥಿ ಯಾಕೆ" ಅನ್ನೋ ಪ್ರಶ್ನೆಗೆ ಉತ್ತರ ಕೊಡಬಹುದು, ಯಾಕಂದ್ರೆ ಓಪಿಡಿಲಿ ಇದನ್ನ ವಿವರಿಸೋಕೆ ನಮಗೆ ಐದು ನಿಮಿಷಾನೂ ಸಿಗಲ್ಲ, ಅಪ್ಪ ಅಮ್ಮ ಅರ್ಧ ಕೇಳಿ ಹೆದರಿ ಹೋಗ್ತಾರೆ.

ನಾಲಿಗೆ ಕೆಳಗೆ ಎರಡೂ ಕಡೆ ಒಂದೊಂದು ಜೊಲ್ಲಿನ ಗ್ರಂಥಿ ಇದೆ, ಸಬ್‌ಲಿಂಗ್ವಲ್ ಗ್ಲ್ಯಾಂಡ್. ಕೆನ್ನೆ ಹತ್ರ ಇರೋ ದೊಡ್ಡ ಗ್ರಂಥಿ ಊಟದ ಹೊತ್ತಲ್ಲಿ ಜೋರಾಗಿ ಕೆಲ್ಸ ಮಾಡಿದ್ರೆ ಇದು ಹಂಗಲ್ಲ, ಊಟ ಮಾಡ್ಲಿ ಬಿಡ್ಲಿ ಇಪ್ಪತ್ನಾಲ್ಕು ಗಂಟೆನೂ ಸ್ವಲ್ಪ ಸ್ವಲ್ಪ ಲೋಳೆ ಸುರಿಸ್ತಾನೇ ಇರತ್ತೆ. ಅದರ ಸಣ್ಣ ನಾಳ ಎಲ್ಲೋ ಪೆಟ್ಟಾಗಿ ಒಡೆದ್ರೆ ಆ ಲೋಳೆ ಬಾಯಿಗೆ ಬರೋ ಬದಲು ಪಕ್ಕದ ಮಾಂಸದೊಳಗೆ ಸೋರಿ ನಿಲ್ಲತ್ತೆ. ಅದೇ ರಾನುಲಾ. ಈಗ ಸೂಜಿ ಹಾಕಿ ಎಳೆದ್ರೆ ಏನಾಗತ್ತೆ? ನಲ್ಲಿ ಬಂದ್ ಮಾಡ್ದೆ ಬಕೆಟ್ ಮಾತ್ರ ಖಾಲಿ ಮಾಡಿದಂಗೆ. ಮತ್ತೆ ತುಂಬತ್ತೆ. ಗುಳ್ಳೆ ಮೇಲ್ಭಾಗ ಕತ್ತರಿಸಿ ಅಂಚನ್ನ ಹೊಲಿದು ತೆರೆದು ಬಿಡೋ ವಿಧಾನ ಇದೆ, ಮಾರ್ಸುಪಿಯಲೈಸೇಷನ್ ಅಂತೀವಿ, ಅದು ಸುಲಭ, ಆದ್ರೆ ಅದರಲ್ಲೂ ಮರುಕಳಿಸೋದು ಜಾಸ್ತಿ. ಸೋರ್ತಾ ಇರೋ ಗ್ರಂಥಿನೇ ತೆಗೆದ್ರೆ ಮತ್ತೆ ಬರೋ ಚಾನ್ಸ್ ತುಂಬಾ ಕಮ್ಮಿ. ಜೊಲ್ಲಿಗೆ ತೊಂದ್ರೆ ಆಗಲ್ವಾ ಅಂತ ಎಲ್ರೂ ಕೇಳ್ತಾರೆ. ಆಗಲ್ಲ, ಕೆನ್ನೆದು, ದವಡೆ ಕೆಳಗಿಂದು, ಆ ಕಡೆ ಸಬ್‌ಲಿಂಗ್ವಲ್ ಎಲ್ಲಾ ಇದಾವೆ, ಜೊತೆಗೆ ಬಾಯಿ ತುಂಬಾ ನೂರಾರು ಪುಟ್ಟ ಗ್ರಂಥಿಗಳಿವೆ.

ಹಾಗಂತ ಆಪರೇಷನ್ ಆಟ ಅಲ್ಲ. ಆ ಜಾಗದಲ್ಲೇ ನಾಲಿಗೆಯ ಸ್ಪರ್ಶದ ನರ ಹೋಗತ್ತೆ, ದವಡೆ ಕೆಳಗಿನ ಗ್ರಂಥಿಯ ನಾಳನೂ ಅಲ್ಲೇ ಹಾದು ಹೋಗತ್ತೆ. ಮಕ್ಕಳ ಬಾಯಿ ಚಿಕ್ಕದು. ಹಂಗಾಗಿ ಇದನ್ನ ಮಕ್ಕಳಲ್ಲಿ ಮಾಡಿ ಅಭ್ಯಾಸ ಇರೋರ ಹತ್ರ ಮಾಡಿಸಿ, ಅದು ಪೀಡಿಯಾಟ್ರಿಕ್ ಸರ್ಜನ್ ಆಗಿರಬಹುದು, ಇಎನ್‌ಟಿ ಆಗಿರಬಹುದು, ಡೆಂಟಲ್ ಕಡೆಯ ಮ್ಯಾಕ್ಸಿಲೋಫೇಶಿಯಲ್ (ಬಾಯಿ, ದವಡೆ, ಮುಖದ) ಸರ್ಜನ್ನೂ ಆಗಿರಬಹುದು. "ನೀವು ಮಕ್ಕಳಿಗೆ ಇದನ್ನ ಮಾಡಿದೀರಾ" ಅಂತ ನೇರ ಕೇಳಿ, ಕೇಳಿದ್ರೆ ಬೇಜಾರು ಮಾಡ್ಕೊಳ್ಳೋ ಡಾಕ್ಟರ್ ಹತ್ರ ಹೋಗ್ಲೇಬೇಡಿ.

@ನ್ಯಾಚುರಲ್_ಲೈಫ್ ಅವ್ರೇ, ರಾನುಲಾ ಆಗ್ಲಿ ತುಟಿ ಗುಳ್ಳೆ ಆಗ್ಲಿ ತಾನಾಗೇ ಒಡೆದು ಇಳಿಯೋದು ಉಂಟು. ಆ ಹೊತ್ತಲ್ಲಿ ಏನ್ ಕೊಡ್ತಾ ಇದ್ರೋ ಅದಕ್ಕೆ ಕ್ರೆಡಿಟ್ ಹೋಗತ್ತೆ. ಕತ್ತರಿ ಬಿಟ್ಟು ಬೇರೆ ಗೊತ್ತಿಲ್ಲ ಅನ್ನೋದೂ ಸುಳ್ಳು, ಹಸುಗೂಸಿಗೆ ಚಿಕ್ಕ ರಾನುಲಾ ಇದ್ದು ಹಾಲು ಕುಡಿಯೋಕೆ ಉಸಿರಿಗೆ ತೊಂದ್ರೆ ಇಲ್ಲ ಅಂದ್ರೆ ನಾವೇ ಕೆಲವು ತಿಂಗಳು ಕಾಯೋಣ ಅಂತೀವಿ.

ಕೊಪ್ಪದ_ಸೊಸೆ
ಡಾಕ್ಟ್ರೇ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಅವ್ರು ಕುತ್ತಿಗೆಗೂ ಸ್ಕ್ಯಾನ್ ಬರೆದಿದಾರೆ, ಗುಳ್ಳೆ ಇರೋದು ಬಾಯಲ್ಲಿ, ಕುತ್ತಿಗೆ ಯಾಕೆ?

ಪಿಜಿ_ಲೈಫ್_ಇಎನ್‌ಟಿ
ಬಾಯಿಯ ತಳದಲ್ಲಿ ಒಂದು ತೆಳು ಸ್ನಾಯು ಹಾಸಿರತ್ತೆ. ಕೆಲವರಲ್ಲಿ ಅದರಲ್ಲಿ ಸಂದು ಇರತ್ತೆ, ಲೋಳೆ ಆ ಸಂದಿಂದ ಅಥವಾ ಸ್ನಾಯುವಿನ ಹಿಂದಿನ ಅಂಚಿಂದ ಕೆಳಗೆ ಇಳಿದು ಗದ್ದದ ಕೆಳಗೆ ಊತ ಆಗತ್ತೆ, ಪ್ಲಂಜಿಂಗ್ ರಾನುಲಾ ಅಂತಾರೆ. ಹೊರಗಿಂದ ನೋಡಿದ್ರೆ ಕುತ್ತಿಗೆ ಗಡ್ಡೆ, ಮೂಲ ಮಾತ್ರ ಅದೇ ಗ್ರಂಥಿ. ಅದನ್ನ ನೋಡೋಕೆ ಅಲ್ಟ್ರಾಸೌಂಡ್. ಜೊತೆಗೆ ಡರ್ಮಾಯ್ಡ್ ಸಿಸ್ಟ್ (ಚರ್ಮದ ಪದರ ಒಳಗೆ ಸಿಕ್ಕಿ ಆಗೋ ಚೀಲ), ಲಿಂಫ್ಯಾಟಿಕ್ ಮಾಲ್‌ಫಾರ್ಮೇಷನ್ (ದುಗ್ಧನಾಳ ಸರಿಯಾಗಿ ಬೆಳೀದೆ ಆಗೋ ನೀರುಗಂಟು) ಇವೆಲ್ಲ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕು. ಡರ್ಮಾಯ್ಡ್ ಸಾಮಾನ್ಯವಾಗಿ ಸರಿಯಾಗಿ ನಡುಮಧ್ಯೆ ಇರತ್ತೆ, ನೀಲಿ ಹೊಳಪು ಇರಲ್ಲ, ಒತ್ತಿದ್ರೆ ಮೆತ್ತಗೆ ಹಿಟ್ಟು ಹಿಟ್ಟು. ಲಿಂಫ್ಯಾಟಿಕ್ ಆದ್ರೆ ದಾರಿನೇ ಬೇರೆ, ಎಷ್ಟೋ ಸಲ ಕತ್ತರಿಸದೆ ಔಷಧ ಚುಚ್ಚಿ ಕುಗ್ಗಿಸ್ತಾರೆ. ಅದಕ್ಕೇ ಸ್ಕ್ಯಾನ್ ಇಲ್ದೆ ಯಾರಾದ್ರೂ "ಬನ್ನಿ ಈಗಲೇ ಕೊಯ್ಯೋಣ" ಅಂದ್ರೆ ಎದ್ದು ಬನ್ನಿ.

ಧಾರವಾಡ_ಪೇಡೆ
ನಮ್ಮದೂ ಒಂದು ಕಥಿ ಐತ್ರಿ, ಕುತ್ತಿಗಿದು. ಮಗಗ ಆರು ವರ್ಷ ಇದ್ದಾಗ ನೆಗಡಿ ಜ್ವರ ಬಂದು ಕುತ್ತಿಗಿ ನಟ್ಟನಡುವ ಕೆಂಪಗ ಬಾವು ಬಂತು. ನಮ್ಮವ್ವ ಗಂಡಮಾಲಿ ಅಂದ್ಳು, ಮನಿ ಮುಂದಿನವ್ರು ಮಂಗಬಾವು ಅಂದ್ರು, ಮಂಗಬಾವು ಕಿವಿ ಕೆಳಗ ಬರ್ತೈತಿ ನಡುವ ಹೆಂಗ ಬರ್ತೈತಿ ಅಂತ ನಾ ಕೇಳಿದ್ರ ಯಾರೂ ಉತ್ರಾ ಕೊಡವಲ್ರು. ಒಂದು ದವಾಖಾನ್ಯಾಗ ಕೀವು ಅಂತ ಕೊಯ್ದು ಬಿಟ್ರು. ಬಾವು ಇಳೀತು, ಆದ್ರ ಅಲ್ಲೊಂದು ತೂತು ಉಳೀತು, ಆಗಾಗ ನೀರು ಜಿನುಗೋದು, ಅಂಗಿ ಕಾಲರ್ ಅಂಟಂಟು. ಆಮ್ಯಾಲ ಮಕ್ಕಳ ಸರ್ಜನ್ ಹಂತೇಕ ಹೋದ್ವಿ. ಅವ್ರು ಮಾಡಿದ್ದ ಪರೀಕ್ಷಾ ನೋಡ್ರಿ, ಗಡ್ಡಿ ಮ್ಯಾಲ ಬಟ್ಟು ಇಟ್ಟು "ನಾಲಿಗಿ ಹೊರಗ ಚಾಚಪಾ" ಅಂದ್ರು, ಅಂವ ಚಾಚಿದ ಕೂಡ್ಲೇ ಗಡ್ಡಿ ಮ್ಯಾಲ ಎದ್ದು ಬಂತು, ನನಗೂ ಮುಟ್ಟಿಸಿ ತೋರ್ಸಿದ್ರು. ಥೈರೋಗ್ಲಾಸಲ್ ಸಿಸ್ಟ್ ಅಂದ್ರು. ಅದರ ಜೋಡಿ ಕುತ್ತಿಗಿ ಒಳಗಿನ ಎಲುಬಿನ ತುಂಡೂ ತಗೀಬೇಕು ಅಂದಾಗ ನಮ್ಮ ಮನಿಯಾಕಿ ಅಲ್ಲೇ ಅತ್ತು ಬಿಟ್ಲು. ಈಗ ಹುಡುಗ ಆರಾಮ ಅದಾನ್ರಿ, ಕಬಡ್ಡಿ ಆಡ್ತಾನ. ಸಣ್ಣ ಗೆರಿ ಐತಿ, ಅಷ್ಟ.

ಮೈಸೂರು_ಅಪ್ಪ
ಎಲುಬು ತೆಗೆಯೋದಾ?? ಕುತ್ತಿಗೆಯಿಂದ? ಇದು ಸರಿ ಅನ್ನಿಸ್ತಿಲ್ಲಪ್ಪ.

ಪಿಜಿ_ಲೈಫ್_ಇಎನ್‌ಟಿ
ಸರಿಯಾಗೇ ಮಾಡಿದಾರೆ ಸರ್. ಹೊಟ್ಟೆಲಿದ್ದಾಗ ಥೈರಾಯ್ಡ್ ಗ್ರಂಥಿ ಶುರುವಾಗೋದು ನಾಲಿಗೆಯ ಬುಡದಲ್ಲಿ. ಅಲ್ಲಿಂದ ಕುತ್ತಿಗೆಗೆ ಇಳಿಯತ್ತೆ, ಏಳನೇ ವಾರದ ಹೊತ್ತಿಗೆ ತನ್ನ ಜಾಗ ಸೇರತ್ತೆ. ಇಳಿದು ಬಂದ ದಾರಿ ಆಮೇಲೆ ಮುಚ್ಚಿ ಹೋಗಬೇಕು, ಕೆಲವರಲ್ಲಿ ಪೂರ್ತಿ ಮುಚ್ಚಲ್ಲ, ಅಲ್ಲಿ ನೀರು ತುಂಬ್ಕೊಂಡು ಸಿಸ್ಟ್ ಆಗತ್ತೆ. ಈ ದಾರಿ ಹಯಾಯ್ಡ್ ಅನ್ನೋ ಮೂಳೆಗೆ ಅಂಟ್ಕೊಂಡೇ ಹೋಗತ್ತೆ. ಹಿಂದೆ ಬರೀ ಗಡ್ಡೆ ತೆಗೀತಿದ್ರು, ಹೆಚ್ಚುಕಮ್ಮಿ ಅರ್ಧ ಜನಕ್ಕೆ ಮತ್ತೆ ಬರ್ತಿತ್ತು. 1893ರಲ್ಲಿ ಶ್ಲಾಂಗೆ ಅನ್ನೋರು ಮೂಳೆ ಮಧ್ಯಭಾಗಾನೂ ತೆಗೀಬೇಕು ಅಂದ್ರು, 1920ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವಾಲ್ಟರ್ ಸಿಸ್ಟ್ರಂಕ್ ಅದರ ಜೊತೆ ನಾಲಿಗೆ ಬುಡದ ತನಕ ಆ ದಾರಿನ ಸುತ್ತಲ ಮಾಂಸದ ಸಮೇತ ತೆಗೆಯೋ ವಿಧಾನ ಬರೆದ್ರು. ನೂರು ವರ್ಷ ಆದ್ರೂ ಇವತ್ತಿಗೂ ಅದೇ ಆಪರೇಷನ್, ಹೆಸರೂ ಸಿಸ್ಟ್ರಂಕ್ ಅಂತಲೇ. ಮತ್ತೆ ಬರೋದು ನೂರಕ್ಕೆ ಹತ್ತಕ್ಕಿಂತ ಕಮ್ಮಿಗೆ ಇಳಿದಿದೆ. ಆ ಮೂಳೆ ಬೇರೆ ಯಾವ ಮೂಳೆಗೂ ಕೀಲು ಕೂಡಿರಲ್ಲ, ಮಧ್ಯದ ಚಿಕ್ಕ ತುಂಡು ಹೋದ್ರೆ ನುಂಗೋಕೆ ಮಾತಾಡೋಕೆ ಏನೂ ಆಗಲ್ಲ.

ಎರಡು ವಿಷ್ಯ ಈ ಗಡ್ಡೆ ಬಗ್ಗೆ ಯಾರೂ ಮರೀಬಾರ್ದು. ಸೋಂಕು ಆಗಿದ್ರೆ ಮೊದ್ಲು ಆಂಟಿಬಯೋಟಿಕ್ ಕೊಟ್ಟು ತಣ್ಣಗಾಗಲು ಬಿಡಬೇಕು, ಆದಷ್ಟೂ ಕೊಯ್ಬಾರ್ದು, ಕೊಯ್ದ್ರೆ ಪೇಡೆ ಸರ್ ಮಗನಿಗೆ ಆದಂಗೆ ತೂತು ಉಳಿಯೋದು, ಆಮೇಲಿನ ಆಪರೇಷನ್ನೂ ಕಷ್ಟ ಆಗೋದು. ಇನ್ನೊಂದು ಇದಕ್ಕಿಂತ ದೊಡ್ಡದು. ಆಪರೇಷನ್‌ಗೆ ಮುಂಚೆ ಅಲ್ಟ್ರಾಸೌಂಡ್ ಮಾಡಿ ಥೈರಾಯ್ಡ್ ತನ್ನ ಜಾಗದಲ್ಲಿದೆ ಅಂತ ನೋಡ್ಲೇಬೇಕು. ಅಪರೂಪಕ್ಕೆ ಸಿಸ್ಟ್ ಅಂದ್ಕೊಂಡ ಗಡ್ಡೆನೇ ಆ ಮಗುವಿನ ಒಂದೇ ಒಂದು ಥೈರಾಯ್ಡ್ ಆಗಿರತ್ತೆ, ಅದನ್ನ ತೆಗೆದ್ರೆ ಮಗು ಜೀವಮಾನ ಪೂರ್ತಿ ಮಾತ್ರೆ ನುಂಗ್ಬೇಕು.

ಮೈಸೂರು_ಅಪ್ಪ
ಓಹ್. ಸರಿ ಸರ್, ಗೊತ್ತಿರ್ಲಿಲ್ಲ. ಕುತ್ತಿಗೆ ಪಕ್ಕದಲ್ಲಿ ಬರೋದು?

ಪಿಜಿ_ಲೈಫ್_ಇಎನ್‌ಟಿ
ಪಕ್ಕದಲ್ಲಿ, ಕುತ್ತಿಗೆ ತಿರುಗಿಸಿದಾಗ ಎದ್ದು ಕಾಣೋ ದಪ್ಪ ಸ್ನಾಯು ಇದ್ಯಲ್ಲ, ಅದರ ಮುಂದಿನ ಅಂಚಲ್ಲಿ ಆದ್ರೆ ಬ್ರಾಂಕಿಯಲ್ ಸಿಸ್ಟ್, ಅಂದ್ರೆ ಹೊಟ್ಟೆಲಿದ್ದಾಗಿನ ಬೆಳವಣಿಗೆಯಿಂದ ಉಳಿದ ನೀರುಚೀಲ, ಇರಬಹುದು. ಆದ್ರೆ ಪಕ್ಕದ ಗಂಟು ಅಂದ್ರೆ ನೂರರಲ್ಲಿ ಬಹುಪಾಲು ನೆಗಡಿಗೆ ಊದಿದ ಲಿಂಫ್ ಗಂಟೇ, ಟಿಬಿ ಗಂಟೂ ನಮ್ ಕಡೆ ಕಮ್ಮಿ ಏನಿಲ್ಲ. ಎಡಗಡೆ ಥೈರಾಯ್ಡ್ ಹತ್ರ ಪದೇ ಪದೇ ಕೀವು ಆಗ್ತಿದ್ರೆ ಮಾತ್ರ ಗಂಟಲ ಒಳಗಿಂದ ಒಂದು ಕಿರುದಾರಿ ಇರಬಹುದು ಅಂತ ಹುಡುಕ್ತಾರೆ.

ಪುತ್ತೂರು_ಅಮ್ಮ
ನಾನು ಸ್ವಲ್ಪ ಉದ್ದ ಬರೀತೇನೆ, ಯಾಕೆಂದ್ರೆ ನಮ್ಮದು ಹೊರಗೆ ಕಾಣುವ ಗುಳ್ಳೆಯೇ ಅಲ್ಲ. ನನ್ನ ಮಗ ಹುಟ್ಟಿ ಕೆಲವು ದಿನದಲ್ಲೇ ಉಸಿರು ಎಳೆಯುವಾಗ ಕರ್ ಕರ್ ಶಬ್ದ. ಅಂಗಾತ ಮಲಗಿಸಿದರೆ ಜಾಸ್ತಿ, ಹೆಗಲಿಗೆ ಹಾಕಿಕೊಂಡರೆ ಕಮ್ಮಿ. ಎಲ್ಲರೂ ಕಫ ಕಫ ಅಂತ ಹೇಳುವುದು, ಬಜೆ ತೇಯ್ದು ನೆಕ್ಕಿಸು ಅಂತ ಹೇಳುವುದು, ಒಬ್ಬರು ಕಿರುನಾಲಿಗೆ ಬಿದ್ದಿದೆ ಬೆರಳು ಹಾಕಿ ಎತ್ತಬೇಕು ಅಂತ ಹೇಳ್ಲಿಕ್ಕೆ ಶುರು ಮಾಡಿದ್ರು. ನನ್ನ ಅಮ್ಮ ಅದಕ್ಕೆ ಬಿಡ್ಲಿಲ್ಲ, ಪುಣ್ಯ. ಒಬ್ಬ ಡಾಕ್ಟರು ಲಾರಿಂಗೋಮಲೇಶಿಯಾ, ಧ್ವನಿಪೆಟ್ಟಿಗೆಯ ಮೃದ್ವಸ್ಥಿ ತೀರಾ ಮೆತ್ತಗೆ ಉಂಟು, ಒಂದೂವರೆ ಎರಡು ವರ್ಷದ ಒಳಗೆ ತಾನಾಗಿ ಸರಿ ಆಗ್ತದೆ ಅಂತ ಹೇಳಿದ್ರು. ನಾವು ಸುಮ್ಮನೆ ಆದೆವು. ಆದರೆ ಮಗು ಹಾಲು ಎರಡು ಗುಟುಕು ಕುಡಿಯುವುದು, ಬಿಡುವುದು, ದಮ್ಮು ಕಟ್ಟಿದ ಹಾಗೆ ಮಾಡುವುದು, ತೂಕ ಏರುವುದೇ ಇಲ್ಲ ಮಾರಾಯ್ರೆ. ಎದೆಗೂಡಿನ ಕೆಳಗೆ ಪ್ರತಿ ಉಸಿರಿಗೂ ಗುಂಡಿ ಬೀಳ್ತಿತ್ತು. ಇನ್ನೊಂದು ಕಡೆ ಮೂಗಿನಿಂದ ಸಪುರ ಕ್ಯಾಮೆರಾ ಹಾಕಿ ನೋಡಿದಾಗ ನಾಲಿಗೆಯ ಬುಡದ ಹಿಂದೆ, ಉಸಿರುದಾರಿ ಮುಚ್ಚುವ ಕಿರುಮುಚ್ಚಳದ ಎದುರು ಒಂದು ನೀರುಗುಳ್ಳೆ ಕೂತಿದೆ, ಮುಚ್ಚಳವನ್ನೇ ಹಿಂದಕ್ಕೆ ತಳ್ತಾ ಉಂಟು. ವಲ್ಲೆಕ್ಯುಲರ್ ಸಿಸ್ಟ್ ಅಂತೆ. ಆ ವಿಡಿಯೋ ಪರದೆಯಲ್ಲಿ ನನಗೂ ತೋರಿಸಿದ್ರು, ಉಸಿರಿನ ದಾರಿ ಒಂದು ಗೆರೆಯಷ್ಟು ಮಾತ್ರ ಉಳಿದಿತ್ತು. ಮರುದಿನವೇ ಆಪರೇಷನ್, ಬಾಯಿಯ ಒಳಗಿಂದಲೇ ಗುಳ್ಳೆಯ ಮೇಲ್ಭಾಗ ತೆಗೆದ್ರು, ಹೊರಗೆ ಗಾಯ ಇಲ್ಲ. ಅರಿವಳಿಕೆಯವರು ಮೊದಲೇ ಹೇಳಿದ್ದರು, ಇದರಲ್ಲಿ ಕೊಯ್ಯುವುದಕ್ಕಿಂತ ನಳಿಕೆ ಹಾಕುವುದೇ ಕಷ್ಟ ಅಂತ. ಆ ದಿನ ರಾತ್ರಿ ಮಗು ಶಬ್ದ ಇಲ್ಲದೆ ಮಲಗಿತು, ನನಗೆ ಉಸಿರಾಡ್ತಾ ಉಂಟಾ ಇಲ್ವಾ ಅಂತ ಮೂಗಿಗೆ ಕೈ ಇಟ್ಟು ನೋಡುವುದೇ ಕೆಲಸ.

ತುಮಕೂರು_ಗೀತಕ್ಕ
ಅಯ್ಯೋ ಓದಿ ಮೈ ಜುಂ ಅಂತು. ಈಗ ಹೆಂಗಿದಾನೆ?

ಪುತ್ತೂರು_ಅಮ್ಮ
ಎರಡನೇ ಕ್ಲಾಸು ಅಕ್ಕ. ಮನೆಯಲ್ಲಿ ಅವನ ಬೊಬ್ಬೆ ಕೇಳಿ ನಮಗೇ ಸಾಕಾಗಿದೆ.

ಪಿಜಿ_ಲೈಫ್_ಇಎನ್‌ಟಿ
ಪುತ್ತೂರು ಮೇಡಂ ಬರೆದಿರೋದನ್ನ ಎಲ್ರೂ ಎರಡು ಸಲ ಓದಿ. ಕರ್ ಕರ್ ಶಬ್ದ ಬರೋ ಹಸುಗೂಸುಗಳಲ್ಲಿ ಹೆಚ್ಚಿನವಕ್ಕೆ ಲಾರಿಂಗೋಮಲೇಶಿಯಾನೇ, ಅದು ಬೆಳೀತಾ ಸರಿ ಹೋಗತ್ತೆ ಅನ್ನೋದೂ ನಿಜ. ಆದ್ರೆ ಕ್ಯಾಮೆರಾ ಹಾಕಿ ನೋಡ್ದೆ ಬರೀ ಶಬ್ದ ಕೇಳಿ ಹೇಳೋದು ನನಗಂತೂ ಒಪ್ಪಿಗೆ ಇಲ್ಲ, ಕೆಲವು ಸಲ ಎರಡೂ ಒಟ್ಟಿಗೇ ಇರ್ತವೆ. ತೂಕ ಏರ್ತಿಲ್ಲ, ಹಾಲು ಬಿಟ್ಟು ಬಿಟ್ಟು ಕುಡೀತಿದೆ, ಎದೆ ಒಳಗೆ ಎಳೀತಿದೆ ಅಂದ್ರೆ ಕಾಯಬೇಡಿ. ತುಟಿ ನೀಲಿ ಆದ್ರೆ 108, ಅಷ್ಟೇ.

ಅಪರೂಪದ್ದು ಇನ್ನೊಂದಿದೆ, ಹೇಳ್ಬಿಡ್ತೀನಿ. ಹುಟ್ಟುವಾಗಲೇ ನಾಲಿಗೆ ಒಳಗೆ ಅಥವಾ ಬಾಯಿ ತಳದಲ್ಲಿ ಬರೋ ಫೋರ್‌ಗಟ್ ಸಿಸ್ಟ್, ಭ್ರೂಣದ ಜೀರ್ಣನಾಳದ ಮುಂಭಾಗದಿಂದ ಉಳಿದ ಚೀಲ. ಅದನ್ನ ತೆಗೆದು ಲ್ಯಾಬಿಗೆ ಕಳಿಸಿದ್ರೆ ಒಳಗೆ ಜಠರದ ಪದರ ಸಿಗೋದುಂಟು, ನಾಲಿಗೆಯಲ್ಲಿ ಹೊಟ್ಟೆಯ ಪದರ! ಪಾಠದಲ್ಲಿ ಓದಿದ್ದೆ, ಸ್ಲೈಡ್ ನೋಡಿದಾಗ ಮಾತ್ರ ನಂಬಿಕೆ ಬಂದಿದ್ದು. ತೆಗೆದಿದ್ದು ಏನೇ ಆದ್ರೂ ಲ್ಯಾಬಿಗೆ ಕಳಿಸ್ತೀವಿ, ಫಾರ್ಮ್‌ನಲ್ಲಿ ಬಯಾಪ್ಸಿ ಅಂತ ನೋಡಿ ಎಷ್ಟೋ ಜನ ಕ್ಯಾನ್ಸರ್ ಅಂತ ಅಳೋಕೆ ಶುರು ಮಾಡ್ತಾರೆ. ರೂಟೀನ್ ಅದು.

ಬಾಣಂತಿ_2ನೇ_ಸಲ
ಡಾಕ್ಟ್ರೇ ನನ್ ಮಗುಗೆ ಅಂಗಳದಲ್ಲಿ, ಅಂದ್ರೆ ಬಾಯಿ ಮೇಲ್ಗಡೆ, ಅಕ್ಕಿ ನುಚ್ಚಿನಷ್ಟು ಬಿಳಿ ಚುಕ್ಕೆ ಇದಾವೆ, ವಸಡಲ್ಲೂ ಒಂದೆರಡು. ಅತ್ತೆ ಹಲ್ಲು ಇಟ್ಕೊಂಡು ಹುಟ್ಟಿದೆ, ಸೋದರಮಾವನಿಗೆ ಆಗಲ್ಲ ಅಂತ ಶುರು ಮಾಡಿದಾರೆ, ಬಟ್ಟೆಗೆ ಉಪ್ಪು ಹಚ್ಚಿ ತಿಕ್ಕಿ ಬಿಡ್ತೀನಿ ಅಂತಾರೆ.

ಪಿಜಿ_ಲೈಫ್_ಇಎನ್‌ಟಿ
ತಿಕ್ಕೋದು ಬೇಡವೇ ಬೇಡ, ಜೇನುತುಪ್ಪನೂ ಬೇಡ, ವರ್ಷ ತುಂಬೋ ತನಕ ಜೇನು ನೆಕ್ಕಿಸ್ಲೇಬಾರ್ದು. ನೀವು ಹೇಳ್ತಿರೋದು ಎಪ್ಸ್ಟೀನ್ ಪರ್ಲ್ಸ್, ಬೋನ್ಸ್ ನೋಡ್ಯೂಲ್ಸ್ ಅನ್ನೋ ಪುಟ್ಟ ಗುಳ್ಳೆಗಳ ತರ ಕೇಳ್ಸತ್ತೆ, ಹುಟ್ಟಿದ ಮಕ್ಕಳಲ್ಲಿ ಬಹಳ ಸಾಮಾನ್ಯ, ಕೆಲವು ವಾರದಿಂದ ಒಂದೆರಡು ತಿಂಗಳೊಳಗೆ ತಾವೇ ಉದುರಿ ಹೋಗ್ತವೆ. ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರ್‌ಗೆ ತೋರ್ಸಿ ಸಾಕು. ನಿಜವಾದ ಹಲ್ಲೇ ಇದ್ದು ಅಲ್ಲಾಡ್ತಿದ್ರೆ ಮಾತ್ರ ಬೇಗ ತೋರ್ಸಿ. ಸೋದರಮಾವನಿಗೆ ನಮಸ್ಕಾರ ತಿಳಿಸಿ, ಏನೂ ಆಗಲ್ಲ.

ಬಾಣಂತಿ_2ನೇ_ಸಲ
😂 ಸೋದರಮಾವ ಪಕ್ಕದಲ್ಲೇ ಕೂತು ಓದ್ತಿದಾನೆ.

ಮೈಸೂರು_ಅಪ್ಪ
ದುಡ್ಡಿನ ವಿಷ್ಯ ಯಾರೂ ಮಾತಾಡ್ಲಿಲ್ಲ. ಖಾಸಗಿಯಲ್ಲಿ ಬಿಲ್ ನೆನೆಸ್ಕೊಂಡ್ರೆ ಭಯ.

ಧಾರವಾಡ_ಪೇಡೆ
ನಮಗ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಆತ್ರಿ. ಬಿಪಿಎಲ್ ಕಾರ್ಡಿನವ್ರಿಗೆ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ, ಎಪಿಎಲ್ ಇದ್ರ ಪ್ಯಾಕೇಜ್ ರೇಟಿನಾಗ 30 ಪರ್ಸೆಂಟ್ ಅಷ್ಟ ಸರಕಾರ ಕೊಡ್ತೈತಿ. ಮೊದ್ಲ ಸರಕಾರಿ ದವಾಖಾನಿಗೆ ಹೋಗ್ರಿ, ಅಲ್ಲಿ ಆಗದಿದ್ರ ರೆಫರಲ್ ಬರಸ್ಕೊಂಡು ಬ್ಯಾರೆ ಕಡೆ ಹೋಗ್ರಿ, ರೆಫರಲ್ ಇಲ್ದ ನೇರ ಖಾಸಗಿಗೆ ಹೋಗಿ ಅಡ್ಮಿಟ್ ಆಗಿ ಆಮ್ಯಾಲ ಕಾರ್ಡ್ ತೋರ್ಸಿದ್ರ ನಡಿಯಂಗಿಲ್ಲ. ಅಂಗನವಾಡಿ, ಸಾಲಿಗೆ ಮಕ್ಕಳ ಆರೋಗ್ಯ ತಪಾಸಣಿ ಮಾಡೋ ಸರಕಾರದ ಆರ್‌ಬಿಎಸ್‌ಕೆ ಟೀಮ್ ಬರ್ತೈತಲ್ಲ, ಅವ್ರಿಗೆ ತೋರ್ಸಿದ್ರೂ ಬರ್ದು ಕೊಡ್ತಾರ. ಬೆಂಗಳೂರಿನವ್ರಿಗೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರಿ ಐತಿ, ಅಲ್ಲಿ ಪೀಡಿಯಾಟ್ರಿಕ್ ಸರ್ಜರಿನೂ ಐತಿ.

ಕೊಪ್ಪದ_ಸೊಸೆ
ಡೇಟ್ ಕೊಟ್ಟಿದಾರೆ. ಸ್ಕ್ಯಾನಲ್ಲಿ ಕುತ್ತಿಗೆಗೆ ಇಳಿದಿಲ್ಲ, ಬಾಯಲ್ಲೇ ಇದೆ ಅಂತ ಬಂತು. ಈಗ ನನ್ ಭಯ ಎಲ್ಲಾ ಅರಿವಳಿಕೆದು. ಬೆಳಿಗ್ಗೆ ಏನೂ ಕೊಡಬಾರದು ಅಂತಾರೆ, ಅವಳು ಎದ್ದ ತಕ್ಷಣ ಹಾಲು ಕೇಳೋಳು, ಒಂದು ಗುಟುಕು ಕೊಟ್ರೆ ಏನಾಗತ್ತೆ ಅಂತ ಮಾವ ಕೇಳ್ತಿದಾರೆ.

ಪಿಜಿ_ಲೈಫ್_ಇಎನ್‌ಟಿ
ಒಂದು ಗುಟುಕೂ ಬೇಡ. ಮಂಪರಲ್ಲಿ ಹೊಟ್ಟೆಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದ್ರೆ ಗುಳ್ಳೆಗಿಂತ ದೊಡ್ಡ ತಲೆನೋವು. ಸಾಮಾನ್ಯ ಲೆಕ್ಕ ಅಂದ್ರೆ ಊಟ ಮತ್ತು ಹಸುವಿನ ಹಾಲು 6 ಗಂಟೆ ಮುಂಚೆ ನಿಲ್ಲಿಸ್ಬೇಕು, ಎದೆಹಾಲು 4 ಗಂಟೆ, ಬರೀ ನೀರು 2 ಗಂಟೆ. ನಿಮ್ ಆಸ್ಪತ್ರೆ ಹೇಳಿದ ಟೈಮೇ ಫೈನಲ್. ನೆಗಡಿ ಕೆಮ್ಮು ಶುರುವಾದ್ರೆ ಮುಚ್ಚಿಡಬೇಡಿ, ಫೋನ್ ಮಾಡಿ ಹೇಳಿ, ಮುಂದಕ್ಕೆ ಹಾಕ್ತಾರೆ. ಲಿಸ್ಟಲ್ಲಿ ಮಗುನ ಮೊದ್ಲು ತಗೊಳ್ಳಿ ಅಂತ ಕೇಳಿ, ಹೆಚ್ಚಿನ ಕಡೆ ಚಿಕ್ಕ ಮಕ್ಕಳನ್ನ ಬೆಳಿಗ್ಗೆನೇ ತಗೋತಾರೆ.

ತುಮಕೂರು_ಗೀತಕ್ಕ
ಆಮೇಲೆ ಊಟಕ್ಕೆ ರವೆ ಗಂಜಿ ತಣ್ಣಗೆ ಮಾಡಿ ಕೊಡು, ಮೊಸರನ್ನ ನುಣ್ಣಗೆ ಕಲಸಿ. ಚಕ್ಲಿ ಕೋಡುಬಳೆ ಡಬ್ಬ ಅವಳ ಕಣ್ಣಿಗೆ ಬೀಳದಂಗೆ ಎತ್ತಿಡು.

ಕೊಪ್ಪದ_ಸೊಸೆ
ಆಯ್ತು ಆಪರೇಷನ್!! ಬಾಯಿ ಒಳಗಿಂದಲೇ ಗ್ರಂಥಿ ತೆಗೆದ್ರು. ಮೊದಲ ದಿನ ನಾಲಿಗೆ ಕೆಳಗೆ ಊದ್ಕೊಂಡು ಜೊಲ್ಲು ಸುರೀತಿತ್ತು, ಮಾತಾಡ್ಲಿಲ್ಲ, ಕೈಸನ್ನೆಲೇ ಐಸ್‌ಕ್ರೀಂ ಕೇಳಿ ಗಿಟ್ಟಿಸ್ಕೊಂಡ್ಲು. ಲ್ಯಾಬ್ ರಿಪೋರ್ಟಲ್ಲೂ ರಾನುಲಾ ಅಂತಲೇ ಬಂದಿದೆ, ಬೇರೆ ಏನೂ ಇಲ್ಲ. ಹೊಲಿಗೆ ಕರಗೋದಂತೆ. ನಾಲಿಗೆ ತುದಿ ಬಲಗಡೆ ಜುಂ ಅಂತದೆ ಅಂತಾಳೆ, ಇದು ಸರಿ ಹೋಗತ್ತಾ?

ಪಿಜಿ_ಲೈಫ್_ಇಎನ್‌ಟಿ
ನರ ಎಳೆದಾಡಿದ್ದಕ್ಕೆ ಹಂಗಾಗತ್ತೆ, ಸಾಮಾನ್ಯವಾಗಿ ವಾರಗಳಲ್ಲಿ ಕಮ್ಮಿ ಆಗ್ತಾ ಹೋಗತ್ತೆ. ಫಾಲೋಅಪ್‌ನಲ್ಲಿ ತಪ್ಪದೆ ಹೇಳಿ. ಅಲ್ಲಿವರೆಗೆ ತುಂಬಾ ಬಿಸಿ ಕೊಡಬೇಡಿ, ಸುಟ್ಟಿದ್ದು ಅವಳಿಗೆ ಗೊತ್ತಾಗಲ್ಲ, ಮತ್ತೆ ನಾಲಿಗೆ ಕಚ್ಕೋತಾಳಾ ಅಂತ ನೋಡ್ತಿರಿ. ಊಟ ಮಾಡುವಾಗ ಗದ್ದದ ಕೆಳಗೆ ಊದಿ ನೋವು ಬಂದ್ರೆ ಅಪಾಯಿಂಟ್‌ಮೆಂಟ್ ತನಕ ಕಾಯದೆ ಹೋಗಿ, ಪಕ್ಕದ ನಾಳ ಕಟ್ಟಿರಬಹುದು.

ಗದಗ_ಹೊಸ_ಅಪ್ಪ
ಸರ್ ನಮ್ಮ ಕೂಸಿಗೆ ಇನ್ನೂ ತಿಂಗ್ಳ ತುಂಬಿಲ್ಲ, ನಾಲಿಗಿ ಕೆಳಗ ಇದ ನಮೂನಿ ಸಣ್ಣ ಗುಳ್ಳಿ ಐತಿ. ಹಾಲು ಚಲೋ ಕುಡಿತೈತಿ. ಈಗ್ಲೇ ತಗಸಬೇಕೇನ್ರಿ?

ಪಿಜಿ_ಲೈಫ್_ಇಎನ್‌ಟಿ
ಉಸಿರಾಟದಲ್ಲಿ ಶಬ್ದ ಇಲ್ಲ, ತೂಕ ಏರ್ತಿದೆ ಅಂದ್ರೆ ಬಹುಶಃ ಅವಸರ ಇಲ್ಲ. ಆದ್ರೂ ಈ ವಾರದಲ್ಲೇ ಪೀಡಿಯಾಟ್ರಿಕ್ ಸರ್ಜನ್‌ಗೆ ಒಮ್ಮೆ ತೋರ್ಸಿ, ಏನ್ ಗುಳ್ಳೆ ಅಂತ ಖಾತ್ರಿ ಆಗ್ಲಿ. ರಾನುಲಾ ಆಗಿದ್ರೆ ಈ ವಯಸ್ಸಲ್ಲಿ ಕಾದು ನೋಡೋಣ ಅನ್ನಬಹುದು. ಯಾರೂ ಸೂಜಿ ಚುಚ್ಚೋಕೆ ಬಿಡಬೇಡಿ, ಮನೆಯವ್ರನ್ನೂ ಸೇರಿಸಿ.

ಗದಗ_ಹೊಸ_ಅಪ್ಪ
ಆತ್ರಿ ಸರ್. ಸೋಮವಾರ ಹೊಂಟೀವಿ.